ಮಳೆಗೆ ಮುಂಚಿನ ನಾಲ್ಕು ದಿನ

ಶ್ರೀರಂಗಪಟ್ಟಣದ ಕೋಟೆಯನ್ನು ಹೊಳೆ ಇಳಿದಾಗ ನೋಡಬೇಕು. ಜನ ಸಾಮಾನ್ಯವಾಗಿ ದಸರೆಗೋ ಸಂಕ್ರಾಂತಿಗೋ ಬರುತ್ತಾರೆ. ರಂಗನಾಥನ ದರ್ಶನ ಮುಗಿಸಿ, ದರಿಯಾ ದೌಲತ್ತಿನ ತೋಟದಲ್ಲಿ ಫೋಟೊ ತೆಗೆಸಿಕೊಂಡು ಮೈಸೂರಿಗೆ ಹೊರಟುಬಿಡುತ್ತಾರೆ. ಆದರೆ ಈ ಕೋಟೆಯ ಬಾಳು ಮತ್ತು ಸಾವು ಎರಡೂ ಕಾವೇರಿಯ ಮಟ್ಟವನ್ನು ನಂಬಿಕೊಂಡಿದ್ದವು. ಮೂವತ್ತು ವರ್ಷ ವಿಶ್ವೇಶ್ವರಯ್ಯ ನಾಲೆಯ ಮೇಲೆ ತೂಬು ಎತ್ತಿಸಿ, ಇಳಿಸಿ, ಗೇಜು ಓದಿದವನು ನಾನು. ಕೋಟೆಯನ್ನು ನೋಡಿದಾಗಲೂ ನನ್ನ ಕಣ್ಣು ಮೊದಲು ನೀರಿಗೇ ಹೋಗುತ್ತದೆ.

ಅಕ್ಕನ ಮಗ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಯುಗಾದಿಗೆ ಬಂದಿದ್ದಾಗ ಮೊಬೈಲಿನಲ್ಲಿ ಫ್ರಾನ್ಸಿನ ನಾರ್ಮಂಡಿ ಕಡಲ ತೀರದ ಚಿತ್ರಗಳನ್ನು ತೋರಿಸಿದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕಟ್ಟಿದ ಕಾಂಕ್ರೀಟ್ ಬಂಕರುಗಳು. ಲಾಂಗ್-ಸುರ್-ಮೇರ್ ಎಂಬಲ್ಲಿ ಸುಮಾರು 150 ಮಿಲಿಮೀಟರ್ ಬಾಯಿಯ ಫಿರಂಗಿಗಳು ಇಂದಿಗೂ ಆ ಬಂಕರುಗಳೊಳಗೆ ಸಮುದ್ರಕ್ಕೆ ಮುಖ ಮಾಡಿ ಕೂತಿವೆ. "ನಮ್ಮಲ್ಲಿ ಇಂಥದ್ದು ಯಾಕಿಲ್ಲ ಮಾವ?" ಎಂದು ಕೇಳಿದ. 1944ರ ಜೂನ್ 6ರಂದು ಜರ್ಮನರ ಮೇಲೆ ಮಿತ್ರರಾಷ್ಟ್ರಗಳ ಸೈನ್ಯ ಆ ತೀರದಲ್ಲಿ ಇಳಿದದ್ದು ಉಬ್ಬರ ಇಳಿತದ ಗಳಿಗೆ ನೋಡಿಕೊಂಡು. ಇಳಿತದಲ್ಲಿ ಬಂದರೆ ನೀರಿನಡಿ ನೆಟ್ಟ ಅಡೆತಡೆಗಳು ಕಣ್ಣಿಗೆ ಬೀಳುತ್ತಿದ್ದವು. ನಮ್ಮಲ್ಲಿ ಸಮುದ್ರವಿಲ್ಲದಿದ್ದರೂ ಹೊಳೆಯಿದೆ, ಲೆಕ್ಕ ಅದೇ ಎಂದು ಹೇಳಿದೆ. ರಜೆ ಬಂದ ಕೂಡಲೇ ಇಬ್ಬರೂ ಹೊರಟೆವು.

ಮೇ 1, ಮಳವಳ್ಳಿ ಮತ್ತು ಸೋಸಲೆ

ಕೋಟೆಗೆ ನೇರವಾಗಿ ಹೋಗದೆ, 1799ರಲ್ಲಿ ಟಿಪ್ಪುವಿನ ಮೇಲೆ ಇಂಗ್ಲಿಷರ ಜನರಲ್ ಹ್ಯಾರಿಸನ ಸೈನ್ಯ ಬಂದ ದಾರಿಯಲ್ಲೇ ಹೋಗಬೇಕೆಂದು ನನ್ನ ಹಟ. ಮಂಡ್ಯದಿಂದ ಮೊದಲ ಬಸ್ಸಿಗೆ ಮಳವಳ್ಳಿ. ಆ ವರ್ಷ ಮಾರ್ಚ್ 27ರಂದು ಇಲ್ಲಿ ಟಿಪ್ಪುವಿನ ಸೈನ್ಯಕ್ಕೂ ಹ್ಯಾರಿಸನ ಸೈನ್ಯಕ್ಕೂ ಕಾಳಗ ನಡೆದು, ಟಿಪ್ಪು ಹಿಂದೆ ಸರಿದ. ನೋಡುವುದಕ್ಕೆ ಅಲ್ಲಿ ಈಗ ಏನೂ ಉಳಿದಿಲ್ಲ. ಹೋಟೆಲಿನಲ್ಲಿ ಇಡ್ಲಿ ತಿಂದು ತಿರುಮಕೂಡಲು ನರಸೀಪುರದ ಬಸ್ ಹತ್ತಿದೆವು.

ಸೋಸಲೆಯ ಹೊಳೆದಂಡೆ ಮಾತ್ರ ಬಂದದ್ದನ್ನು ಸಾರ್ಥಕ ಮಾಡಿತು. ಶತ್ರು ಹಿಂದಿನ ಸಲದಂತೆ ಅರಕೆರೆಯ ದಾರಿಯಲ್ಲೇ ಬರುತ್ತಾನೆಂದು ಟಿಪ್ಪು ಆ ದಾರಿಯ ಹುಲ್ಲು, ಮೇವನ್ನೆಲ್ಲ ನಾಶ ಮಾಡಿಸಿದ್ದ. ಹ್ಯಾರಿಸ್ ಮಾರ್ಚ್ 30ರಂದು ಇಲ್ಲಿ, ಸೋಸಲೆಯ ಕಡವಿನಲ್ಲಿ ಹೊಳೆ ದಾಟಿಬಿಟ್ಟ. ದಾಟಿ ಸೇರಿದ ದಂಡೆಯಲ್ಲಿ ಮೇವು ಹಾಗೆಯೇ ಇತ್ತು. ನಾವು ಹೋದಾಗ ಮೂವರು ಹೆಂಗಸರು ನಡುಹೊಳೆಯ ಬಂಡೆಗಳ ಮೇಲೆ ಬಟ್ಟೆ ಒಗೆಯುತ್ತಿದ್ದರು. ಒಬ್ಬಾಕೆ ಒಗೆದ ಬಟ್ಟೆಯ ಮಂಕರಿಯನ್ನು ತಲೆಯ ಮೇಲಿಟ್ಟುಕೊಂಡು, ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೆಳಗೆ ನೋಡದೆ ನಡೆದುಕೊಂಡು ದಂಡೆಗೆ ಬಂದರು. "ಆಳ ಎಷ್ಟಿದೆ ತಾಯಿ?" ಎಂದು ಕೇಳಿದೆ. "ಈಗ ಆಳ ಎಲ್ಲಿಯದು? ಆಷಾಢಕ್ಕೆ ಬಂದು ಕೇಳಿ" ಎಂದರು.

ಆ ರಾತ್ರಿ ಅರಕೆರೆಯಲ್ಲಿ ನೆಂಟರ ಮನೆಯಲ್ಲಿ ಮುದ್ದೆ, ಉಪ್ಸಾರು. ಊಟವಾದ ಮೇಲೆ ಜಗಲಿಯ ಮೇಲೆ ಕೂತು ಅಳಿಯನಿಗೆ 1791ರ ಇಂಗ್ಲಿಷರ ದಾಳಿಯ ಕಥೆ ಹೇಳಿದೆ. ಲಾರ್ಡ್ ಕಾರ್ನ್‌ವಾಲಿಸ್ ಆ ವರ್ಷ ಬೆಂಗಳೂರನ್ನು ಗೆದ್ದು ಮೇ ತಿಂಗಳಲ್ಲಿ ಇದೇ ಅರಕೆರೆಗೆ ಬಂದ. ಮೇ 15ರ ಕಾಳಗದಲ್ಲಿ ಗೆದ್ದ ಕೂಡ. ಆದರೆ ಅಷ್ಟರಲ್ಲಿ ಮಳೆ ಹಿಡಿದಿತ್ತು. ಹೊಳೆ ಏರಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತವು, ಸೈನಿಕರ ಹೊಟ್ಟೆಗೆ ಹಿಟ್ಟಿಲ್ಲ. ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದು ತಂದ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಹತ್ತಿರ ತಾನೇ ಕೆಡಿಸಿ ಹಿಂದಿರುಗಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಟ್ಟಣವನ್ನು ಆ ಸಲ ಉಳಿಸಿದ್ದು ಮುಂಗಾರು.

ಮೇ 2, ಕರಿಘಟ್ಟದಿಂದ ಕಿರಂಗೂರಿನ ಬಯಲಿಗೆ

ಬಿಸಿಲೇರುವ ಮೊದಲೇ ಕರಿಘಟ್ಟ ಹತ್ತಿದೆವು. ನಾಲ್ಕುನೂರಕ್ಕೂ ಹೆಚ್ಚು ಮೆಟ್ಟಿಲು. ನಾನು ನಡುವೆ ಎರಡು ಸಲ ಕೂತೆ. ವೆಂಕಟರಮಣನಿಗೆ ಕೈ ಮುಗಿದು ಪಡುವಣಕ್ಕೆ ತಿರುಗಿದರೆ ದ್ವೀಪ ಪೂರ್ತಿಯಾಗಿ ಕಣ್ಣ ಮುಂದೆ. ಕಾವೇರಿ ಎರಡು ಕವಲಾಗಿ ಒಡೆದು ಊರನ್ನು ತಬ್ಬಿಕೊಂಡು ಮತ್ತೆ ಒಂದಾಗುತ್ತದೆ. ಕೋಟೆ ಇರುವುದು ದ್ವೀಪದ ಪಡುವಣ ತುದಿಯಲ್ಲಿ, ನೀರನ್ನು ಸೀಳುವ ಮೂತಿಯಂತೆ. ಅಳಿಯ ಪುಸ್ತಕ ತೆಗೆದು ನಕ್ಷೆ ಗೀಚಿದ. ತಿಮ್ಮಣ್ಣ ನಾಯಕ 1454ರಲ್ಲಿ ಈ ಕೋಟೆಗೆ ಕಲ್ಲು ಹಾಕಿದನೆಂದು ಪ್ರತೀತಿ. ರಾಜ ಒಡೆಯರು 1610ರಲ್ಲಿ ಇದನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಕಟ್ಟಿದವರೂ ಗೆದ್ದವರೂ ಇದೇ ಜಾಗವನ್ನು ಯಾಕೆ ಹಿಡಿದರೆಂದು ಬೆಟ್ಟದ ಮೇಲಿನಿಂದ ನೋಡಿದರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಮಧ್ಯಾಹ್ನ ಬೆಟ್ಟದಿಂದ ಇಳಿದು ಹೊಳೆಯ ಬಡಗಣ ಬಯಲಿಗೆ ಬಂದೆವು. ನಾರ್ಮಂಡಿಯ ಬಂಕರಿಗೆ ಹೋಲಿಸಬಹುದಾದದ್ದು ಇದ್ದದ್ದು ಇಲ್ಲಿಯೇ. ಕೋಟೆಯ ಹೊರಗೆ ಮುಳ್ಳುಪೊದೆಗಳ ದಪ್ಪ ಬೇಲಿ, ಅದರ ಒಳಗೆ ಮಣ್ಣಿನಿಂದ ಎತ್ತಿ ಕಟ್ಟಿದ ಬಿಡಿ ಬಿಡಿ ಬುರುಜುಗಳು, ಒಂದೊಂದರಲ್ಲೂ ಫಿರಂಗಿ. ಈದ್ಗಾ ಬುರುಜು, ಲಾಲಿ ಬುರುಜು, ಸುಲ್ತಾನನ ಬುರುಜು ಎಂದು ಹೆಸರುಗಳು. ಕಾರ್ನ್‌ವಾಲಿಸ್ ಮರುಸಲ ಮಳೆಗಾಲಕ್ಕೆ ತುಂಬ ಮುಂಚೆಯೇ ಬಂದ. 1792ರ ಫೆಬ್ರವರಿ 6ರ ಬೆಳದಿಂಗಳ ರಾತ್ರಿ, ದೊಡ್ಡ ಫಿರಂಗಿಗಳನ್ನು ಬಿಡಾರದಲ್ಲೇ ಬಿಟ್ಟು, ಕಾಲಾಳುಗಳನ್ನು ಈ ಬೇಲಿಯ ಮೇಲೆ ನುಗ್ಗಿಸಿದ. ಸುಲ್ತಾನನ ಬುರುಜು ಇಂಗ್ಲಿಷರ ಕೈಸೇರಿತು. ಅದನ್ನು ಮರಳಿ ಪಡೆಯಲು ಟಿಪ್ಪುವಿನ ಸೈನಿಕರು ಮರುದಿನ ಮೇಲಿಂದ ಮೇಲೆ ನುಗ್ಗಿದರು. ಒಳಗಿದ್ದ ಕ್ಯಾಪ್ಟನ್ ಸಿಬಾಲ್ಡ್ ಸತ್ತ, ಬುರುಜು ಮಾತ್ರ ಅವರಿಗೆ ಮರಳಿ ಸಿಗಲಿಲ್ಲ. ಮಾರ್ಚಿನ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಮಕ್ಕಳು ಹೋದರು.

ಆ ಬುರುಜುಗಳನ್ನು ಹುಡುಕಿಕೊಂಡು ಕಿರಂಗೂರಿನ ಕಡೆ ಎರಡು ಗಂಟೆ ನಡೆದೆವು. ಸಿಕ್ಕದ್ದು ಕಬ್ಬಿನ ಗದ್ದೆ. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ವಿಚಾರಿಸಿದೆ. "ಇಲ್ಲೊಂದು ದಿಬ್ಬ ಇತ್ತು ಸ್ವಾಮಿ, ನಮ್ಮಪ್ಪನ ಕಾಲದಲ್ಲಿ. ನಾಲೆಯ ನೀರು ಏರಲಿ ಎಂದು ಕಡಿದು ಸಮ ಮಾಡಿದರು" ಎಂದರು. ಅದು ಬುರುಜೋ ಬರಿಯ ದಿಬ್ಬವೋ, ಈಗ ಹೇಳುವವರಿಲ್ಲ. ನಾಲೆಯ ನೀರು ಹೋಗದ ಗದ್ದೆಯವರು ಕಚೇರಿಯ ಬಾಗಿಲಲ್ಲಿ ಬಂದು ನಿಂತದ್ದನ್ನು ನಾನು ಕಂಡಿದ್ದೇನೆ. ಅವರ ಅಪ್ಪನನ್ನು ತಪ್ಪುಗಾರನೆಂದು ಹೇಗೆ ಹೇಳಲಿ? ಆದರೂ ಒಂದೇ ಒಂದು ಬುರುಜನ್ನು ಗುರುತಿಸಿ ಸುತ್ತ ನಾಲ್ಕು ಕಲ್ಲು ನೆಟ್ಟಿದ್ದರೆ ಎಂಬ ಸಂಕಟ ಹೋಗಲಿಲ್ಲ. ಮಣ್ಣಿನ ಕೋಟೆಗೆ ಕಲ್ಲಿನ ಕೋಟೆಯ ಆಯುಸ್ಸು ಇಲ್ಲ.

ಪಾಂಡವಪುರದ ದಾರಿಯಲ್ಲಿ ಬಂಡೆಯ ಮೇಲೆ ನಿಂತ ಎತ್ತರದ ಕಂಬವನ್ನೂ ನೋಡಿದೆವು. ಮೈಸೂರಿನಲ್ಲಿ ಇಂಗ್ಲಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಜೋಸಯಾ ವೆಬ್ 1804ರಲ್ಲಿ ಸತ್ತಾಗ ಅವನ ನೆನಪಿಗೆ ದಿವಾನ್ ಪೂರ್ಣಯ್ಯನವರು ನಿಲ್ಲಿಸಿದ್ದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಪಾಂಡವಪುರದಲ್ಲಿ ಬಿಡಾರ ಮಾಡಿದ್ದರಿಂದಲೇ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಅಷ್ಟು ಹೊತ್ತಿಗೆ ಕಾಲು ಸೋತಿತ್ತು. ಪಟ್ಟಣಕ್ಕೆ ಬಂದು ಕೋಣೆ ಹಿಡಿದೆವು.

ಮೇ 3, ಗೋಡೆ, ಕಂದಕ, ನೆಲದಡಿಯ ಮನೆಗಳು

ಇಡೀ ದಿನ ಕೋಟೆಗೇ ಮೀಸಲು. ಬೆಂಗಳೂರು ಬಾಗಿಲಿನಿಂದ ಶುರುಮಾಡಿ ತೆಂಕಣಕ್ಕೆ ಆನೆ ಬಾಗಿಲು, ಮೈಸೂರು ಬಾಗಿಲು ನೋಡಿಕೊಂಡು ಪಡುವಣ ಮೂಲೆಗೆ ನಡೆದೆವು. ಕೆಲವು ಕಡೆ ಗೋಡೆಯ ಮೇಲೆಯೇ ನಡೆಯಬಹುದು, ಕೆಲವು ಕಡೆ ಲಾಂಟಾನ ಪೊದೆ ಬಿಡುವುದಿಲ್ಲ. ಒಂದು ಸುತ್ತು ಗೋಡೆ, ಅದರ ಹೊರಗೆ ಕಂದಕ, ಅದರಾಚೆ ಇನ್ನೊಂದು ಗೋಡೆ. ಹೊಳೆಯ ಕಡೆ ಹೊರಗೋಡೆ ತಗ್ಗು, ಯಾಕೆಂದರೆ ಅಲ್ಲಿ ಹೊಳೆಯೇ ಮೊದಲನೆಯ ಕಂದಕ.

ಆನೆ ಬಾಗಿಲಿನ ಹತ್ತಿರ ಗೋಡೆಯ ಒಂದು ಭಾಗ ಕುಸಿದು ಒಳಗಿನದು ಕಾಣುತ್ತಿತ್ತು. ಅಳಿಯ ಮೊಣಕಾಲೂರಿ ಕೂತು ಬೆರಳಿನಿಂದ ಮುಟ್ಟಿ ನೋಡಿದ. ಹೊರಮೈಗೆ ಕೆತ್ತಿದ ಕಲ್ಲು, ಹಿಂದೆ ಗುಂಡುಕಲ್ಲು ಮತ್ತು ಮಣ್ಣಿನ ಭರ್ತಿ, ನಡುವೆ ಸುಣ್ಣದ ಗಾರೆ. ಗಾರೆಯಲ್ಲಿ ಇಟ್ಟಿಗೆ ಪುಡಿಯ ಕೆಂಪು ಚುಕ್ಕೆಗಳಿದ್ದವು. "ಮಣ್ಣು ತುಂಬಿದ್ದು ಯಾಕೆ ಮಾವ, ಪೂರ್ತಿ ಕಲ್ಲೇ ಇಟ್ಟಿದ್ದರೆ?" ಎಂದ. ಗುಂಡು ಬಡಿದರೆ ಕಲ್ಲು ಸಿಡಿಯುತ್ತದೆ, ಮಣ್ಣು ಗುಂಡನ್ನು ನುಂಗುತ್ತದೆ ಎಂದು ಹೇಳಿದೆ. ನಾಲೆಯ ಏರಿಯ ಒಳಗೂ ನಾವು ಮಣ್ಣನ್ನೇ ನಂಬುತ್ತೇವೆ. ಕಲ್ಲು ಅದರ ಚರ್ಮ ಮಾತ್ರ.

ಬಡಗಣ ಗೋಡೆಯ ಅಡಿಯಲ್ಲಿ, ಬೇಲಿ ಎಂಬ ಇಂಗ್ಲಿಷ್ ದಂಡಿನ ಅಧಿಕಾರಿಯ ಹೆಸರಿನ ಕರ್ನಲ್ ಬೇಲಿ ಬಂದೀಖಾನೆ. ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲದ, ಕಮಾನುಗಳ ಮೇಲೆ ನಿಂತ, ಸುಣ್ಣ ಬಳಿದ ನೆಲಮನೆ. ಗೋಡೆಯುದ್ದಕ್ಕೂ ತೂತು ಕೊರೆದ ಕಲ್ಲುಹಲಗೆಗಳು ಚಾಚಿಕೊಂಡಿವೆ. ಕೈದಿಗಳನ್ನು ಸರಪಳಿಯಿಂದ ಅವಕ್ಕೆ ಬಿಗಿಯುತ್ತಿದ್ದರೆಂದು ಹೇಳುತ್ತಾರೆ. ನಾನು ಆ ತೂತುಗಳಲ್ಲಿ ಒಂದರ ಅಂಚಿನ ಮೇಲೆ ಹೆಬ್ಬೆರಳನ್ನು ಆಡಿಸಿದೆ. ಹೊರಗೆ ಮೇ ತಿಂಗಳ ಬಿಸಿಲು ಹೊಡೆಯುತ್ತಿದ್ದರೂ ಆ ಕಲ್ಲು ತಣ್ಣಗಿತ್ತು. ಮೂಲೆಯಲ್ಲಿ ಒಂದು ಫಿರಂಗಿ ಬಿದ್ದಿದೆ, ಮುತ್ತಿಗೆಯ ಹೊತ್ತಿನಲ್ಲಿ ಮೇಲಿನ ಗೋಡೆಯಿಂದ ಚಾವಣಿ ಒಡೆದುಕೊಂಡು ಕೆಳಗೆ ಬಿದ್ದದ್ದು ಎಂದು ಪ್ರತೀತಿ. ಕರ್ನಲ್ ಬೇಲಿ, ಇಂಗ್ಲಿಷರು ಹೈದರ್ ಮತ್ತು ಟಿಪ್ಪುವಿಗೆ ಸೋತ 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು 1782ರಲ್ಲಿ ಇಲ್ಲಿಯೇ ಸತ್ತ. ಅದೇ ಕಾಳಗದಲ್ಲಿ ಸೆರೆಸಿಕ್ಕು 1784ರವರೆಗೆ ಈ ಪಟ್ಟಣದಲ್ಲಿ ಬಂದಿಯಾಗಿದ್ದ ಡೇವಿಡ್ ಬೇರ್ಡ್ ಎಂಬವನು 1799ರಲ್ಲಿ ಕೋಟೆ ನುಗ್ಗುವ ಪಡೆಯ ಮುಖ್ಯಸ್ಥನಾಗಿ ಮರಳಿ ಬಂದ. ಊರಿನ ಒಳಹೊರಗು ಕಂಡವನಿಗೆ ಹಳೆಯ ಲೆಕ್ಕ ತೀರಿಸುವುದೂ ಇತ್ತು.

ರೈಲು ನಿಲ್ದಾಣದ ಹತ್ತಿರದ ಸಿಡಿಮದ್ದಿನ ಮನೆಯನ್ನು ಅಳಿಯನಿಗೆ ತೋರಿಸಲೇಬೇಕೆಂದು ಬಂದಿದ್ದೆ. ಇಟ್ಟಿಗೆ ಗಾರೆಯ ದಪ್ಪ ಗೋಡೆ, ಕಮಾನಿನ ಚಾವಣಿ. ಜೋಡಿ ರೈಲು ಹಳಿ ಹಾಕುವಾಗ ಇದು ಅಡ್ಡ ಬಂತು. ಕೆಡವುವ ಬದಲು 2017ರಲ್ಲಿ ಬುಡಕ್ಕೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕಿಗಳಿಂದ ಎತ್ತಿ, ಸುಮಾರು 1000 ಟನ್ ತೂಕದ ಕಟ್ಟಡವನ್ನು ಇಡಿಯಾಗಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಅಳಿಯ ಅದರ ಸುತ್ತ ಮೂರು ಸಲ ತಿರುಗಿ ಬಿರುಕು ಹುಡುಕಿದ. ಇಂಥ ಕೆಲಸ ನಮ್ಮ ಜಿಲ್ಲೆಯಲ್ಲಿ ನಡೆದದ್ದು ನನಗೆ ಹೆಮ್ಮೆ. ಇಷ್ಟು ಶ್ರಮಪಟ್ಟು ಉಳಿಸಿದ್ದರ ಸುತ್ತ ಅಂದು ಬಾಟಲಿಗಳೂ ಊಟದ ಎಲೆಗಳೂ ಬಿದ್ದಿದ್ದವು. ಕೈಲಾದಷ್ಟು ಆರಿಸಿ ಒಂದು ಚೀಲಕ್ಕೆ ತುಂಬಿದೆವು.

ಈ ಮನೆಗಳಲ್ಲಿ ಇಡುತ್ತಿದ್ದ ಮದ್ದು ಕೋವಿಗೆ ಮಾತ್ರವಲ್ಲ, ರಾಕೆಟ್ಟಿಗೂ ಬೇಕಿತ್ತು. ಮೈಸೂರಿನ ರಾಕೆಟ್ಟಿನ ಗುಟ್ಟು ಅದರ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ ಅಥವಾ ಬಿದಿರಿನ ಕೊಳವೆ ತಡೆಯಲಾರದ ಒತ್ತಡವನ್ನು ಕಬ್ಬಿಣ ತಡೆಯುತ್ತದೆ, ಹಾಗಾಗಿ ಮದ್ದನ್ನು ಬಿಗಿಯಾಗಿ ತುಂಬಬಹುದು, ದೂರ ಹಾರಿಸಬಹುದು. ಇಲ್ಲಿಂದ ಹೋದ ರಾಕೆಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. 1799ರ ಮೇ 2ರಂದು ಕೋಟೆಯೊಳಗಿನ ಇಂಥದ್ದೇ ಒಂದು ರಾಕೆಟ್ ಉಗ್ರಾಣಕ್ಕೆ ಗುಂಡು ಬಿದ್ದು ಭಾರಿ ಸ್ಫೋಟವಾಯಿತು. ಕೋಟೆ ಬೀಳಲು ಎರಡೇ ದಿನ ಉಳಿದಿತ್ತು.

ಸಂಜೆ ಹೊಳೆದಂಡೆಯ ದಂಡಿನ ಸ್ಮಶಾನಕ್ಕೆ ಹೋದೆವು. ಇಂಗ್ಲಿಷರ ಜೊತೆಗೆ ಸ್ವಿಟ್ಜರ್ಲೆಂಡಿನವರ ಡಿ ಮ್ಯೂರಾನ್ ರೆಜಿಮೆಂಟಿನವರೂ ಇಲ್ಲಿ ಮಲಗಿದ್ದಾರೆ. ಡಿ ಮ್ಯೂರಾನ್ ವಂಶದವರ ನೆರವಿನಿಂದ ಗೋರಿಗಳು ದುರಸ್ತಿಯಾಗಿ ಅಚ್ಚುಕಟ್ಟಾಗಿವೆ. ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರದ ದಿನಾಂಕಗಳು ಇಲ್ಲಿವೆ. ಕೋಟೆ ಗೆದ್ದವರನ್ನು ಇಲ್ಲಿನ ಜ್ವರ ಬಿಡಲಿಲ್ಲ. ನಿಂತ ನೀರು, ಸೊಳ್ಳೆ, ಚಳಿಜ್ವರ. ತಾಳಲಾರದೆ 1809ರಲ್ಲಿ ದಂಡನ್ನೇ ಬೆಂಗಳೂರಿಗೆ ಎತ್ತಿಕೊಂಡು ಹೋದರು. ನಾವು ಅಲ್ಲಿಂದ ಹೊರಡುವಾಗ ಸೊಳ್ಳೆ ಗುಂಯ್‌ಗುಡಲು ಶುರುವಾಗಿತ್ತು.

ಮೇ 4, ಮಧ್ಯಾಹ್ನ ಒಂದು ಗಂಟೆ

ಬೆಳಿಗ್ಗೆ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಗೆಯ ಅರಮನೆ, ಈಗ ವಸ್ತುಸಂಗ್ರಹಾಲಯ. ಬಣ್ಣ ಮಾಸಬಾರದೆಂದು ಪರದೆ ಇಳಿಬಿಟ್ಟಿದ್ದಾರೆ, ಕಣ್ಣು ಒಗ್ಗಲು ಹೊತ್ತು ಹಿಡಿಯುತ್ತದೆ. ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗ. ನಡುವೆ ಇಂಗ್ಲಿಷರ ಚೌಕ, ಅದರೊಳಗೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬೇಲಿ, ಪಕ್ಕದಲ್ಲಿ ಹೊತ್ತಿ ಉರಿಯುತ್ತಿರುವ ಮದ್ದಿನ ಬಂಡಿ. ನಿನ್ನೆ ತಣ್ಣನೆಯ ಕಲ್ಲು ಮುಟ್ಟಿ ಬಂದವರಿಗೆ ಆ ಕಚ್ಚಿದ ಬೆರಳು ಬೇರೆಯೇ ಆಗಿ ಕಂಡಿತು. ಕೋಟೆ ಬಿದ್ದ ಮೇಲೆ ಇದೇ ಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಈ ಚಿತ್ರಗಳನ್ನು ದುರಸ್ತಿ ಮಾಡಿಸಿದ, ಮುಂದೆ ಡಾಲ್‌ಹೌಸಿ ಮತ್ತೆ ಬರೆಯಿಸಿದ. ತಾವು ಸೋತ ಕಾಳಗದ ಚಿತ್ರವನ್ನು ಅಳಿಸದೆ ಉಳಿಸಿದರಲ್ಲ ಎಂದು ಅಳಿಯ ಬೆರಗಾದ. ಒಳಗೆ ಇಂಗ್ಲಿಷ್ ಚಿತ್ರಕಾರ ಕರ್ ಪೋರ್ಟರ್ ಬರೆದ ಕೋಟೆ ನುಗ್ಗಿದ ಚಿತ್ರವಿದೆ. ಅದನ್ನು ಕಣ್ಣಿನಲ್ಲಿ ತುಂಬಿಕೊಂಡೇ ಆ ಜಾಗಕ್ಕೆ ಹೊರಟೆವು.

ಹನ್ನೆರಡೂವರೆಗೆ ಪಡುವಣ ಮೂಲೆ ತಲುಪಿದೆವು. ಗೋಡೆ ಒಡೆದ ಜಾಗದಲ್ಲಿ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಕಂಬವಿದೆ. ಅದರ ಮೇಲೆ ನುಗ್ಗಿದ ಪಡೆಗಳ ಹೆಸರುಗಳು. ಕೋಟೆ ಕಾದು ಸತ್ತವರ ಹೆಸರಿನ ಕಲ್ಲನ್ನು ನಾನು ಈ ಗೋಡೆಯುದ್ದಕ್ಕೂ ಕಾಣಲಿಲ್ಲ. ಅವರಲ್ಲಿ ನಮ್ಮ ಊರುಗಳ ಹುಡುಗರೇ ಎಷ್ಟೋ ಜನ ಇದ್ದಿರಬೇಕು. ಆ ಕಂಬದ ನೆರಳಿನಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತು.

ಇಲ್ಲಿ ನಿಂತು ಹೊಳೆ ನೋಡಿದರೆ ಹ್ಯಾರಿಸನ ಲೆಕ್ಕ ತಿಳಿಯುತ್ತದೆ. ಏಪ್ರಿಲ್ 5ಕ್ಕೆ ಪಟ್ಟಣದ ಮುಂದೆ ಬಂದಿಳಿದ. ಏಪ್ರಿಲ್ ನಡುವೆ ಅಕ್ಕಿ ಅಳೆದು ನೋಡಿದಾಗ ಮೂರು ವಾರಕ್ಕೂ ಸಾಲದೆಂದು ಗೊತ್ತಾಯಿತು. ಅತ್ತ ಜೂನ್ ಬಂದರೆ ಹೊಳೆ ಏರುತ್ತದೆ, 1791ರ ಕಥೆ ಮರುಕಳಿಸುತ್ತದೆ. ಟಿಪ್ಪು ಕಾಯುತ್ತಿದ್ದದ್ದೂ ಅದನ್ನೇ. ಒಬ್ಬನಿಗೆ ಮಳೆ ಬರುವುದರೊಳಗೆ ಮುಗಿಯಬೇಕು, ಇನ್ನೊಬ್ಬನಿಗೆ ಮಳೆ ಬರುವವರೆಗೆ ತಡೆಯಬೇಕು. ಉರಿಬಿಸಿಲಿನಲ್ಲಿ ಕಾವಲಿನವರು ವಿಶ್ರಾಂತಿಯಲ್ಲಿರುತ್ತಾರೆಂದು ಮಧ್ಯಾಹ್ನ ಒಂದು ಗಂಟೆಯನ್ನು ಆರಿಸಿದರು. ಬೇರ್ಡ್ ಕತ್ತಿ ಹಿಡಿದು, ಆಚೆ ದಂಡೆಯಲ್ಲಿ ಇಂಗ್ಲಿಷರು ತೋಡಿಕೊಂಡಿದ್ದ ಕಂದಕದಿಂದ ಎದ್ದ. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮುನ್ನೂರು ಗಜಕ್ಕೆ ಹತ್ತಿರದ ಈ ಬಂಡೆಹೊಳೆಯನ್ನು ದಾಟಿ, ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲೆ ಬಾವುಟ ನೆಟ್ಟರು. ಮುಂದೆ ಅವರಿಗೆ ಅಡ್ಡವಾದದ್ದು ನೀರು ತುಂಬಿದ ಒಳಕಂದಕ. ಅದನ್ನು ದಾಟಲೂ ಒಂದು ಕಿರುದಾರಿ ಸಿಕ್ಕಿತು, ಕಟ್ಟಡದ ಕೆಲಸಗಾರರು ಓಡಾಡಲು ಬಿಟ್ಟಿದ್ದ ದಾರಿ. ಮುಗಿಯದ ಕಾಮಗಾರಿಯಲ್ಲಿ ಆಳುಗಳ ಅನುಕೂಲಕ್ಕೆ ಬಿಟ್ಟ ಒಂದು ಅಡ್ಡದಾರಿ! ಅಂಥ ದಾರಿಗಳನ್ನು ನಾನೂ ನಾಲೆಯ ಕೆಲಸದಲ್ಲಿ ಎಷ್ಟೋ ಸಲ ಬಿಡಿಸಿದ್ದೇನೆ.

ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ದೀಪ ಹಿಡಿದು ಹುಡುಕಿದಾಗ ಬಡಗಣ ಬಾಗಿಲೊಂದರ ಹತ್ತಿರ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಇಂಗ್ಲಿಷ್ ಬರಹಗಳಲ್ಲಿ ಅಲ್ಲಿನ ಬಾಗಿಲಿನ ಹೆಸರನ್ನು ಹೇಗೆ ಹೇಗೋ ತಿರುಚಿ ಬರೆದಿದ್ದಾರೆ. ಬಾಯಿಬಿಟ್ಟು ಓದಿದರೆ ಅದು ನಮ್ಮ ಹೊಳೆ ದಿಡ್ಡಿ. ಹೊಳೆಗೆ ಹೋಗುವ ಸಣ್ಣ ಬಾಗಿಲು.

ಒಂದು ಗಂಟೆಗೆ ನಾವು ಗೋಡೆ ಇಳಿದು ಹೊಳೆಗೆ ಬಂದೆವು. ಅಳಿಯ ಚಪ್ಪಲಿ ಬಿಚ್ಚಿ ದಂಡೆಗೆ ಹತ್ತಿರದ ಚಪ್ಪಟೆ ಬಂಡೆಯ ಮೇಲಿಟ್ಟು ನೀರಿಗಿಳಿದ. ಮೊದಲು ಮೊಣಕಾಲು, ಮುಂದೆ ತೊಡೆ. ಬಂಡೆಗಳಿಗೆ ಪಾಚಿ ಹಿಡಿದಿತ್ತು, ಎರಡು ಸಲ ಜಾರಿದ. ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಕೂಗಿದರು: "ಸಾರ್, ಹುಡುಗನನ್ನು ನಡುಹೊಳೆಗೆ ಬಿಡಬೇಡಿ. ಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಗೊತ್ತಾಗುವುದಿಲ್ಲ." ಅವರು ಹೇಳಿದ್ದು ಸರಿ. ಈಗ ಈ ಹೊಳೆ ಮುಂಗಾರಿನ ಮಾತೊಂದನ್ನೇ ಕೇಳುವುದಿಲ್ಲ. ಮೇಲೆ ಕನ್ನಂಬಾಡಿ ಕಟ್ಟೆಯಿದೆ. ಬೇಸಗೆಯಲ್ಲೂ ಕುಡಿಯುವ ನೀರಿಗೆಂದು ಹೊಳೆಗೆ ಬಿಡುತ್ತಾರೆ. ಅಲ್ಲಿ ಅಣೆಕಟ್ಟು ಕಟ್ಟಬೇಕೆಂದು ಟಿಪ್ಪು ಹಾಕಿಸಿದ್ದ ಪಾರಸಿ ಶಾಸನ 1911ರಲ್ಲಿ ಕಟ್ಟೆಯ ಕೆಲಸ ಶುರುವಾದಾಗ ಸಿಕ್ಕಿತು, ಈಗಲೂ ಅಲ್ಲಿದೆ. ಕೂಗಿ ಕರೆದೆ. ಅವನು ಇನ್ನೂ ಹತ್ತು ಹೆಜ್ಜೆ ಹೋಗಿ, ನಿಂತು, ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿ ಹಿಂದಿರುಗಿದ.

ಬೇವಿನ ನೆರಳಿನಲ್ಲಿ ಎಳನೀರು ಕುಡಿದು, ಅವನು ತನ್ನ ನಕ್ಷೆ ಮುಗಿಸುವವರೆಗೆ ಕೂತಿದ್ದೆವು. ನಾಲ್ಕು ಗಂಟೆಗೆ ಚಪ್ಪಲಿ ತರಲು ಹೋದವನು ಅಲ್ಲಿಂದಲೇ "ಮಾವ, ಇಲ್ಲಿ ಬನ್ನಿ" ಎಂದು ಕೂಗಿದ. ಚಪ್ಪಟೆ ಬಂಡೆಯ ಅಂಚಿಗೆ ನೀರು ಬಂದು ಮುಟ್ಟಿತ್ತು. ಒಂದು ಚಪ್ಪಲಿ ಎದ್ದು ತೇಲುತ್ತಿತ್ತು. ನಡುಹೊಳೆಯಲ್ಲಿ ಅವನು ಕಾಲಿಟ್ಟಿದ್ದ ಬಂಡೆಗಳಲ್ಲಿ ಮೂರು ಮಾತ್ರ ಕಾಣುತ್ತಿದ್ದವು. ನಾನು ಕೈಗಡಿಯಾರ ನೋಡಿ, ಹಳೆಯ ಅಭ್ಯಾಸದಂತೆ, ಹೊತ್ತನ್ನೂ ಮಟ್ಟವನ್ನೂ ಅವನ ನಕ್ಷೆಯ ಮೂಲೆಯಲ್ಲಿ ಬರೆದೆ.